ಬೀದರದ ಬರೀದ್ ಶಾಹಿ ಗಾರ್ಡನ್: ಅವಸರ ಇಲ್ದ ನೋಡೋದು ಹೆಂಗ?

ಬೀದರಕ್ಕ ಬಂದೋರು ಸೀದಾ ಕಿಲ್ಲಾಕ್ಕ ಹೋಗ್ತಾರ, ಅಲ್ಲಿಂದ ಗುರುದ್ವಾರ, ಟೈಮ್ ಉಳದ್ರ ಮಹಮೂದ್ ಗಾವಾನನ ಹಳೇ ಮದರಸಾ. ಬಸ್ ಸ್ಟ್ಯಾಂಡಿನ ಹತ್ರಾನೇ, ಉದಗೀರ ರೋಡಿನ ಮ್ಯಾಲ, ಬರೀದ್ ಶಾಹಿ ಸುಲ್ತಾನರ ಗೋರಿಗಳು ಇರೋ ಬರೀದ್ ಶಾಹಿ ಗಾರ್ಡನ್ ಮಾತ್ರ ಊರಿನ ಮಂದಿ ವಾಕಿಂಗ್ ಮಾಡೋ ಜಾಗ ಅಂತ ಬಿಟ್ಟುಬಿಡ್ತಾರ, ಒಳಗ ಹೋದೋರೂ ಗುಮ್ಮಟದ ಮುಂದ ಒಂದು ಸೆಲ್ಫಿ ತಗೊಂಡು ಹೊರಗ ಬರ್ತಾರ. ಈ ಗಾರ್ಡನ್ ನೋಡಾಕ ಒಂದು ಕ್ರಮ ಅದ ರೀ, ಅದನ್ನ ಹಿಡದ್ರ ಒಂದೂವರಿ ತಾಸು ಹೆಂಗ ಹೋತು ಗೊತ್ತಾಗಂಗಿಲ್ಲ.

ಮೊದಲು ಟೈಮ್. ಮುಂಜಾನೆ ಲಗೂನ ಹೋಗ್ರಿ, ಇಲ್ಲಾಂದ್ರ ಸಂಜಿ 4ರ ನಂತರ. ನಡು ಮಧ್ಯಾಹ್ನ ಬ್ಯಾಡ, ಬಿಸಿಲಿಗೆ ಕಣ್ಣು ಕುಕ್ತಾವ, ಫೋಟೋನೂ ಛಲೋ ಬರಂಗಿಲ್ಲ. ನವೆಂಬರ್‌ನಿಂದ ಫೆಬ್ರವರಿ ತನಕ ಹವಾ ಭಾಳ ಛಲೋ ಇರ್ತದ. ಬಾಟಲಿ ನೀರು, ಜೂಮ್ ಇರೋ ಮೊಬೈಲ್ ಇಷ್ಟಿದ್ರ ಸಾಕು. ಜೂಮ್ ಯಾಕಂತ ಮುಂದ ಗೊತ್ತಾಗ್ತದ.

ಒಳಗ ಹೋದ ಕೂಡ್ಲೇ ಗುಮ್ಮಟದ ಕಡೆ ಓಡಬ್ಯಾಡ್ರಿ. ಮೊದ್ಲು ಗಿಡಗಳ ನಡುವ ದೂರದಿಂದ ಒಂದು ಸುತ್ತು ಹಾಕ್ರಿ. ದೊಡ್ಡದಾಗಿ ಕಾಣೋದು ಅಲಿ ಬರೀದನ ಗೋರಿ, 1577ರ ಸುಮಾರಿಗೆ ಕಟ್ಟಿದ್ದು, ಅಂದ್ರ ಅಂವ ಇನ್ನೂ ಜೀವಂತ ಇದ್ದಾಗನ ಆತು, ಅಂವ ಆಳಿದ್ದು 1542ರಿಂದ 1580ರ ತನಕ. ಬಹಮನಿ ರಾಜ್ಯ ಒಡದ ಮ್ಯಾಲ ಬೀದರ ಬರೀದರ ಕೈಗೆ ಬಂತಲ್ಲ, ಆ ಮನಿತನದಾಗ ಶಾಹ ಅಂತ ಬಿರುದು ಮೊದಲ ಇಟಗೊಂಡೋನು ಇವನ, 1565ರಾಗ ವಿಜಯನಗರದ ವಿರುದ್ಧ ಕೂಡಿದ ಸುಲ್ತಾನರೊಳಗೂ ಇದ್ದ. ದೂರದಿಂದ ನೋಡಿದ್ರ ಮೈಗಿಂತ ತಲಿ ದೊಡ್ಡದು ಆದಂಗ ಗುಮ್ಮಟ ಸ್ವಲ್ಪ ಭಾರ ಅನಸ್ತದ, ಅಂದ ಅಂತ ನಾ ಅನ್ನಂಗಿಲ್ಲ. ಆದ್ರ ಗಮ್ಮತ್ತು ಇರೋದು ಒಳಗ.

ಈಗ ಕಟ್ಟಿ ಹತ್ತಿ ಒಳಗ ನಿಲ್ರಿ. ಬೀದರದ ಬಾಕಿ ಭಾಳಷ್ಟು ಗೋರಿಗಳು, ಊರ ಹತ್ರದ ಅಷ್ಟೂರಿನ ಬಹಮನಿ ಸುಲ್ತಾನರದು ಹಿಡಕೊಂಡು, ಗೋಡಿ ಮುಚ್ಚಿದ ಕತ್ತಲ ಕೋಣಿ. ಇದಕ್ಕ ನಾಕೂ ಕಡೆ ಕಮಾನು, ಬಾಗಿಲಾ ಇಲ್ಲ, ಗಾಳಿ ಆಡ್ತದ, ಬೆಳಕು ಬರ್ತದ. ನಡುವ ಕರಿ ಕಲ್ಲಿನ ಗೋರಿ. ಅದರ ಪಕ್ಕಕ್ಕ ನಿಂತು ಒಂದೊಂದ ಕಮಾನಿನಾಗ ಹೊರಗ ನೋಡ್ರಿ, ಗಾರ್ಡನ್ ನಾಕು ಫ್ರೇಮಿನಾಗ ಹಾಕಿಟ್ಟ ಚಿತ್ರದಂಗ ಕಾಣ್ತದ. ತೋಟ ಬ್ಯಾರೆ ಗೋರಿ ಬ್ಯಾರೆ ಅಲ್ಲ, ಎರಡೂ ಕೂಡೇ ಯೋಚನಾ ಮಾಡಿದ್ದು ಅಂತ ಇಲ್ಲಿ ನಿಂತಾಗ ತಿಳೀತದ, ಹೊರಗ ಹುಲ್ಲಿನ ಮ್ಯಾಲ ಕೂತು ಎಷ್ಟು ನೋಡಿದ್ರೂ ತಿಳಿಯಂಗಿಲ್ಲ.

ಇನ್ನ ಮೊಬೈಲ್ ತಗೀರಿ. ಗೋಡಿ ಮ್ಯಾಲಿನ ಭಾಗದಾಗ ಬಣ್ಣದ ಹೆಂಚು ಅವ, ಅದರೊಳಗ ಫಾರಸಿ ಅಕ್ಷರ. ಬರಿಗಣ್ಣಿಗೆ ಗೆರಿ ಕಂಡಂಗ ಕಾಣ್ತದ, ಜೂಮ್ ಮಾಡಿದ್ರ ನೀಲಿ ಬಿಳಿ ಬಿಡಿ ಬಿಡಿಯಾಗಿ ಬರ್ತದ. ಫ್ಲ್ಯಾಶ್ ಬ್ಯಾಡ, ಗೋಡಿ ಮುಟ್ಟೋದೂ ಬ್ಯಾಡ. ಮದರಸಾ ನೋಡಿದೋರಿಗೆ ಗೊತ್ತದ, ಬಹಮನಿ ಮಂತ್ರಿ ಮಹಮೂದ್ ಗಾವಾನ 1472ರಾಗ ಮುಗಿಸಿದ ಆ ಕಟ್ಟಡದ ಹೊರಗಿನ ಹೆಂಚು ಭಾಳಷ್ಟು ಉದುರಿ ಹೋಗ್ಯಾವ. ಇಲ್ಲಿಯವು ಒಳಗ, ಮಳಿ ಬಡಿಲಾರದ ಜಾಗದಾಗ ಇರೋದರಿಂದ ಇಷ್ಟರ ಉಳದಾವ ಅಂತ ನನಗನಸ್ತದ. ಕೆಲವು ಮಂದಿ ಗೋಡಿಗೆ ಹೆಸರು ಕೊರದು ಹೋಗ್ಯಾರ, ಅವರಿಗೆ ಏನ ಅನ್ಬೇಕೋ.

ಅಲಿ ಬರೀದನ ಗೋರಿ ಮುಗದ್ರ ಅವನ ಮಗ ಇಬ್ರಾಹಿಮನದು ನೋಡ್ರಿ, ಅಪ್ಪನದ ನಕಲು ಮಾಡಿದಂಗ ಅದ ಆದ್ರ ಸಣ್ಣದು. ಉಳಿದ ಸಣ್ಣ ಪುಟ್ಟ ಗೋರಿಗಳು ಒಂದು ಸುತ್ತು ಹಾಕಿದ್ರ ಆತು. ಹುಡುಗುರು ಕೂಡ ಇದ್ರ ಅವರನ್ನ ಹುಲ್ಲಿನ ಮ್ಯಾಲ ಆಡಾಕ ಬಿಡ್ರಿ, ಗೋರಿ ಕಟ್ಟಿ ಮ್ಯಾಲ ಬ್ಯಾಡ. ಡಬ್ಬಿ ತಂದಿದ್ರ ಗಿಡದ ಕೆಳಗ ಕೂತು ಉಣ್ರಿ, ಕಾಗದ ಪ್ಲಾಸ್ಟಿಕ್ ವಾಪಸ್ ಚೀಲದಾಗ ಹಾಕ್ಕೊರಿ.

ಇದಾದ ಮ್ಯಾಲ ಚಹಾ ಕುಡದು ಆಟೋ ಹಿಡೀರಿ, ಹತ್ತೋ ಮುಂಚೇನ ರೇಟ್ ಮಾತಾಡ್ರಿ, ಚೌಬಾರಾ, ಅಂದ್ರ ಹಳೇ ಊರಿನ ನಡುವಿನ ದುಂಡನ ಕಾವಲು ಗೋಪುರ, ಅಂತ ಹೇಳಿದ್ರ ಯಾರರ ಒಯ್ತಾರ. ಅಲ್ಲಿಂದ ಮದರಸಾ ಮುಂದ ಹಾಯ್ದು ಕಿಲ್ಲಾ ತನಕ ನಡಕೋತನ ಹೋಗಬಹುದು. ಕಿಲ್ಲಾದೊಳಗ ಸೋಳಾ ಖಂಬ ಮಸೀದಿ ಮುಂದ ಲಾಲ್ ಬಾಗ್ ಅಂತ ಇನ್ನೊಂದು ಹಳೇ ತೋಟ ಅದ, ನಡುವ ನೀರಿನ ಹೊಂಡ. ಬರೀದ್ ಶಾಹಿ ನೋಡಿದ ಮ್ಯಾಲ ಅದನ್ನ ನೋಡಿದ್ರ ಫರಕು ತಿಳೀತದ. ಅಲಿ ಬರೀದನ ಕಾಲದ ಕೆಲಸ ಇನ್ನೂ ಬೇಕಂದ್ರ ಅಲ್ಲೇ ಕಿಲ್ಲಾದಾಗ ರಂಗೀನ್ ಮಹಲ್ ಕೇಳ್ರಿ, ಕರಿ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸ್ಯಾರ. ಬಾಗಿಲಾ ಕೀಲಿ ಹಾಕಿದ್ರ ಹಂಗ ತಿರಗಬ್ಯಾಡ್ರಿ, ಅಲ್ಲಿ ಡ್ಯೂಟಿ ಮ್ಯಾಲ ಇದ್ದೋರನ್ನ ಸಮಾಧಾನದಿಂದ ಕೇಳಿ ನೋಡ್ರಿ.