ಕುದಿಸಿದರಷ್ಟೇ ಸಾಲದು

ಮಳೆಗಾಲದಲ್ಲಿ ನಮ್ಮ ಉಡುಪಿ ಕಡೆ ಬೆಳಿಗ್ಗೆ ಮಾಡಿದ ಪದಾರ್ಥ ಸಂಜೆಗೆ ಹಳಸಿದರೆ, "ಚೆನ್ನಾಗಿಯೇ ಕುದಿಸಿದ್ದೆನಲ್ಲ" ಅನ್ನುತ್ತಾರೆ. ಕುದಿಸಿದ್ದು ಸರಿ. ಆಮೇಲೆ ಏನು ಮಾಡಿದಿರಿ? ದೊಡ್ಡ ಪಾತ್ರೆ ಮುಚ್ಚಿ ಒಲೆಯ ಮೇಲೇ ಬಿಟ್ಟಿರಿ, ಅಲ್ವಾ? ಅದು ತಾಸುಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕಾಯಿ ಅರೆದು ಹಾಕಿದ್ದಾದರೆ ಇನ್ನೂ ಬೇಗ ಹೋಗುತ್ತದೆ. ಉಳಿಯುತ್ತದೆ ಅನ್ನಿಸಿದ್ದನ್ನು ಊಟಕ್ಕೆ ಮೊದಲೇ ಬೇರೆ ತೆಗೆಯಿರಿ. ಅಗಲ ಬಾಯಿಯ ಸಣ್ಣ ಪಾತ್ರೆಗಳಿಗೆ ಹಾಕಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ ಫ್ರಿಜ್ಜಿಗಿಡಿ. ಮತ್ತೆ ತಿನ್ನುವಾಗ ಸುಮ್ನೆ ಬೆಚ್ಚಗೆ ಮಾಡಬೇಡಿ, ನಡುವೆಯೂ ಗುಳ್ಳೆ ಏಳುವಷ್ಟು ಕುದಿಸಿ.

ಅನ್ನದ ಕತೆಯೇ ಬೇರೆ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ಕೂತು ಕುದಿಯುವ ನೀರನ್ನೂ ದಾಟಿಬಿಡುತ್ತದೆ. ಅನ್ನ ಹೊರಗೇ ಉಳಿದರೆ ಎದ್ದು ವಿಷ ಮಾಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಂಗುಡೆಯೂ ಹಾಗೆಯೇ. ಐಸಿಲ್ಲದೆ ಬಿಸಿಲಲ್ಲಿ ಕೂತ ಮೀನಿನಲ್ಲಿ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಸೇರುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಹುಳಿ-ಖಾರ ಹಾಕಿದರೂ ಮುಖ ಕೆಂಪಾಗಿ ಮೈ ತುರಿಸುವುದು ತಪ್ಪುವುದಿಲ್ಲ. ಅಂಥ ಮೀನು ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ.

ಹಾಲಿಗೆ ಅಷ್ಟು ಯೋಚನೆ ಬೇಡ. ಪ್ಯಾಕೆಟ್ ಹಾಲನ್ನು ಡೇರಿಯಲ್ಲೇ ಸುಮಾರು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣ್ಣಗೆ ಮಾಡಿರುತ್ತಾರೆ. ಫ್ರಿಜ್ಜಿನಲ್ಲೇ ಇರಲಿ, ಒಮ್ಮೆ ಉಕ್ಕಿಸಿದರೆ ಸಾಕು. ಟೆಟ್ರಾ ಪ್ಯಾಕಿನದ್ದು ಸುಮಾರು 135 ಡಿಗ್ರಿಯಲ್ಲಿ ಕಾಯಿಸಿದ್ದು. ಒಡೆಯುವವರೆಗೆ ಹೊರಗಿಡಬಹುದು, ಒಡೆದ ಮೇಲೆ ಅದಕ್ಕೂ ಫ್ರಿಜ್ಜೇ.

ಬೇಸಿಗೆಯಲ್ಲಿ ಪುನರ್ಪುಳಿ (ಕೋಕಂ) ಸಿರಪ್ ಮಾಡುವವರು ಗಾಜಿನ ಬಾಟಲಿಯನ್ನೂ ನೀರಲ್ಲಿ ಕುದಿಸಿ. ಬಿಸಿ ಬಾಟಲಿಗೆ ಬಿಸಿ ಸಿರಪ್ಪನ್ನೇ ತುಂಬಿ ಮುಚ್ಚಿ. ತಣ್ಣನೆ ಗಾಜಿಗೆ ಸುರಿದರೆ ಚಟ್ ಅಂತ ಒಡೆಯುತ್ತದೆ. ಇಲ್ಲಿ ಹುಳಿಯೂ ಸಕ್ಕರೆಯೂ ನಮ್ಮ ಪಕ್ಷ, ಅದಕ್ಕೇ ಬರಿಯ ಕುದಿತ ಸಾಕಾಗುತ್ತದೆ. ಸಕ್ಕರೆ ಜಾಸ್ತಿ ಆಯಿತೆಂದು ಅರ್ಧಕ್ಕೆ ಇಳಿಸಿದರೆ ಬೂಸ್ಟು ಬರುತ್ತದೆ. ಹಾಗಂತ ಹಲಸಿನಕಾಯಿ ತುಂಡು, ಮೀನು ಇವನ್ನೆಲ್ಲ ಇದೇ ರೀತಿ ಬಾಟಲಿಗೆ ತುಂಬಿಡಲು ಹೋಗಬೇಡಿ. ಹುಳಿಯಿಲ್ಲದ್ದರಲ್ಲಿ ಗಟ್ಟಿ ಕವಚದ ಬ್ಯಾಕ್ಟೀರಿಯಾ ಸಾಯಲೆಂದು ಕಾರ್ಖಾನೆಯಲ್ಲಿ ಒತ್ತಡ ಕೊಟ್ಟು ಸುಮಾರು 121 ಡಿಗ್ರಿವರೆಗೆ ಕಾಯಿಸುತ್ತಾರೆ. ನಮ್ಮ ಒಲೆಯ ಮೇಲಿನ ನೀರು 100 ಡಿಗ್ರಿ ದಾಟುವುದೇ ಇಲ್ಲ.