‘ಕೂಲ್’ ಬಟ್ಟೆ ಕೊಳ್ಳುವ ಮೊದಲು ಒಂದು ಹನಿ ನೀರು ಹಾಕಿ ನೋಡಿ

ಮೇ ತಿಂಗಳಲ್ಲಿ ಮುಂಬೈಯ ದಾದರ್‌ನ ಅಂಗಡಿಗಳ ಮುಂದೆ ‘ಕೂಲ್’, ‘ಡ್ರೈ’ ಎಂದು ಬರೆದ ಟೀ ಶರ್ಟುಗಳದೇ ರಾಶಿ. ಡಿಸೆಂಬರ್ ಬಂದರೆ ಪುಣೆಯ ಲಕ್ಷ್ಮೀ ರೋಡಿನಲ್ಲಿ ಥರ್ಮಲ್‌ಗಳ, ಅಂದರೆ ಚಳಿಗೆ ಹಾಕುವ ಒಳಬಟ್ಟೆಗಳ ಸರದಿ. ಇವುಗಳಲ್ಲಿ ಕೆಲವು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಆದರೆ ಪುಣೆಯಲ್ಲಿ ಹಿತವಾದದ್ದು ಮುಂಬೈಯಲ್ಲೂ ಹಿತವಾಗುತ್ತದೆ ಅನ್ನುವಂತಿಲ್ಲ. ಬ್ರ್ಯಾಂಡ್ ಆಮೇಲೆ, ಮೊದಲು ನೀವಿರುವ ಊರಿನ ಹವೆ ನೋಡಿ.

ಮೊದಲು: ನಿಮ್ಮ ಕಷ್ಟ ಬಿಸಿಲೋ, ಬೆವರೋ?

ಸುಮ್ನೆ ಕೂತಿದ್ದರೂ ನಮ್ಮ ಮೈ ಸುಮಾರು 100 ವ್ಯಾಟ್, ಅಂದರೆ ಸೆಕೆಂಡಿಗೆ 100 ಜೂಲ್ ಬಿಸಿಯನ್ನು ಹೊರಹಾಕುತ್ತಿರುತ್ತದೆ. ಸೆಕೆಗೆ ಬೆವರುತ್ತೇವೆ, ಒಂದು ಗ್ರಾಂ ಬೆವರು ಆರಿದರೆ ಸುಮಾರು 2,400 ಜೂಲ್ ಬಿಸಿ ಕಳೆಯುತ್ತದೆ. ಆರಬೇಕು, ಅದೇ ಮುಖ್ಯ. ತೊಟ್ಟಿಕ್ಕಿ ಹೋದ ಬೆವರಿನಿಂದ ಲಾಭವಿಲ್ಲ. ಮುಂಬೈಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ, ಆದ್ದರಿಂದ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತು ಬರುವವರಿಗೆ ಬೇಕಾದದ್ದು ಬೆವರನ್ನು ಮೈಯಿಂದ ಎಳೆದು ಹೊರಗೆ ಹರಡುವ ಬಟ್ಟೆ. ಪುಣೆಯ ಏಪ್ರಿಲ್ ಒಣ ಬಿಸಿಲಿಗೆ ಬೆವರು ತಾನಾಗಿಯೇ ಆರುತ್ತದೆ, ಅಲ್ಲಿ ಬಿಸಿಲು ತಡೆಯುವ ಸಡಿಲವಾದ, ತಿಳಿ ಬಣ್ಣದ, ಉದ್ದ ತೋಳಿನ ಬಟ್ಟೆ ಸಾಕು.

ಎರಡನೆಯದು: ಹನಿ ಪರೀಕ್ಷೆ

ಲೇಬಲ್‌ಗಿಂತ ಇದನ್ನು ಜಾಸ್ತಿ ನಂಬಿ. ಅಂಗಡಿಯವರನ್ನು ಕೇಳಿ, ಬಟ್ಟೆಯ ಒಳಮಗ್ಗುಲಿಗೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ಮಣಿಯಂತೆ ಹಾಗೇ ಕೂತರೆ ಆ ಬಟ್ಟೆ ಬೇಡ. ಕೂಡಲೇ ಒಳಗಿಳಿದು ಹೊರಮಗ್ಗುಲಲ್ಲಿ ತೆಳುವಾಗಿ ಅಗಲಕ್ಕೆ ಹರಡಿದರೆ ಒಳ್ಳೆಯದು. ಹತ್ತಿಯೂ ಹನಿಯನ್ನು ಹೀರುತ್ತದೆ, ಆದರೆ ಎಳೆಯ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಬೆವರಿದ ಹತ್ತಿ ಬನಿಯನ್ ಗಂಟೆಗಟ್ಟಲೆ ಮೈಗೆ ಅಂಟಿಕೊಂಡಿರುವುದು. ಹತ್ತಿ ಗಾಳಿಯಿಂದಲೇ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಎಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 0.4 ಮಾತ್ರ. ಒಳ್ಳೆಯ ಪಾಲಿಯೆಸ್ಟರ್ ಎಳೆಯ ಉದ್ದಕ್ಕೂ ಸಣ್ಣ ತೋಡುಗಳಿರುತ್ತವೆ, ಬೆವರು ಅದರಲ್ಲಿ ಹರಿದು ಹೊರಗೆ ಹೋಗುತ್ತದೆ. ಡ್ಯೂಪಾಂಟ್ ಕಂಪನಿ 1986ರಲ್ಲಿ ತಂದ ಕೂಲ್‌ಮ್ಯಾಕ್ಸ್ ಈ ಬಗೆಯದು.

ಎಷ್ಟೋ ಅಗ್ಗದ ಟೀ ಶರ್ಟುಗಳಲ್ಲಿ ತೋಡಿರುವುದಿಲ್ಲ, ಮೇಲೆ ಬರೀ ರಾಸಾಯನಿಕದ ಲೇಪ. ಕೆಲವು ಒಗೆತಕ್ಕೇ ಅದು ಹೋಗುತ್ತದೆ. ಒಂದೇ ಒಂದು ಕೊಂಡು, ನಾಲ್ಕೈದು ಸಲ ಒಗೆದು, ಮನೆಯಲ್ಲಿ ಮತ್ತೆ ಹನಿ ಬಿಟ್ಟು ನೋಡಿ. ಆಮೇಲೆ ಇನ್ನೆರಡು ಕೊಳ್ಳಿ.

ಬಾಯಿಗೆ ಹಿಡಿದು ಊದಿ ನೋಡುವುದನ್ನೂ ಮರೆಯಬೇಡಿ. ಉಸಿರು ಸಲೀಸಾಗಿ ದಾಟಬೇಕು.

ಮುಟ್ಟಿದಾಗ ತಣ್ಣಗಿದ್ದರೆ ಸಾಲದು

ಕೆಲವು ನೈಲಾನ್ ಬಟ್ಟೆ ಮುಟ್ಟಿದ ಕೂಡಲೇ ತಣ್ಣಗೆನಿಸುತ್ತದೆ. ಚರ್ಮದ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಹಾಗೆ. ಬಟ್ಟೆ ಮೈಯಷ್ಟೇ ಬಿಸಿಯಾದ ಮೇಲೆ ಆ ತಂಪು ಮುಗಿಯಿತು. ಹಾಸಿಗೆಯ ಹೊದಿಕೆಗೆ ಪರವಾಗಿಲ್ಲ, ದಿನವಿಡೀ ಹಾಕುವ ಶರ್ಟಿಗೆ ಇದೊಂದನ್ನೇ ನೋಡಿ ದುಡ್ಡು ಕೊಡಬೇಡಿ.

ಮೇಣದ ಬಟ್ಟೆಯ ಲೆಕ್ಕ

ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಗುಳಿಗೆಗಳಿರುವ ಬಟ್ಟೆಯೂ ಬಂದಿದೆ. ಗಗನಯಾತ್ರಿಗಳ ಕೈಗವಸಿಗಾಗಿ ನಾಸಾ 1980ರ ದಶಕದಲ್ಲಿ ಮಾಡಿಸಿದ ಸಂಶೋಧನೆ ಇದರ ಮೂಲ. ಮೇಣ ಸುಮಾರು 28 ಡಿಗ್ರಿಯಲ್ಲಿ ಕರಗುತ್ತಾ ಬಿಸಿ ಹೀರುತ್ತದೆ, ಗಟ್ಟಿಯಾಗುತ್ತಾ ವಾಪಸ್ ಕೊಡುತ್ತದೆ. ಗ್ರಾಂಗೆ ಸುಮಾರು 200 ಜೂಲ್. ಈಗ ಲೆಕ್ಕ ಹಾಕಿ: ಶರ್ಟಿನಲ್ಲಿ 50 ಗ್ರಾಂ ಮೇಣವಿದ್ದರೆ 10,000 ಜೂಲ್, ಅಂದರೆ ಮೈಯ 100 ವ್ಯಾಟ್‌ಗೆ ಎರಡು ನಿಮಿಷವೂ ಬಾರದು. ಎರಡು ಕಿಲೋ ಮೇಣದ ಪ್ಯಾಕೆಟ್ ಇಟ್ಟ ಜಾಕೆಟ್ ಒಂದು ಗಂಟೆ ಬಂದೀತು. ಮೇ ತಿಂಗಳ ಮುಂಬೈಯಲ್ಲಿ ಆ ಪ್ಯಾಕೆಟ್ ತಾನಾಗಿ ಗಟ್ಟಿಯಾಗದು, ತಣ್ಣೀರಿನಲ್ಲಿ ಮುಳುಗಿಸಿಡಬೇಕು.

ನೀರಿನಲ್ಲಿ ನೆನೆಸಿ ಹಾಕುವ ಜಾಕೆಟ್ ಪುಣೆಗೆ ಸರಿ. ಹೊರಗೆ 38 ಡಿಗ್ರಿ, ಗಾಳಿಯ ತೇವ ಶೇ 20 ಇದ್ದರೆ ಒದ್ದೆ ಬಟ್ಟೆ ಸುಮಾರು 21 ಡಿಗ್ರಿಯವರೆಗೂ ಇಳಿಯಬಲ್ಲದು. ಮುಂಬೈಯಲ್ಲಿ 33 ಡಿಗ್ರಿ, ಶೇ 70 ತೇವ ಇದ್ದಾಗ 28ರ ಕೆಳಗೆ ಇಳಿಯದು. ಬರೀ ಒದ್ದೆಯಾಗಿ ಓಡಾಡಿದಂತೆ.

ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರಿಗೆ ಮಾತ್ರ ಪಾಲಿಯೆಸ್ಟರೂ ಬೇಡ, ಮೇಣವೂ ಬೇಡ. ಪಾಲಿಯೆಸ್ಟರ್‌ಗೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಮೇಣ ಉರಿಯುತ್ತದೆ. ಅವರಿಗೆ ಸಡಿಲ ಹತ್ತಿಯೇ ಸರಿ. ಹುಡುಗರಿಗೆ ಯೂನಿಫಾರ್ಮ್ ಹೊಲಿಸುವ ನಮ್ಮ ಹೋಟೆಲ್ ಮಾಲೀಕರು ದಯವಿಟ್ಟು ಇದನ್ನು ಗಮನಿಸಬೇಕು.

ಮುಂದೆ ಬರುವ ಬಟ್ಟೆಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ತೋರಿಸಿದ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟೆಯ ಮೇಲೆ. ಮೈಯಿಂದ ಹೊರಡುವ ಇನ್‌ಫ್ರಾರೆಡ್ ಕಿರಣವನ್ನು, ಅಂದರೆ ಕಣ್ಣಿಗೆ ಕಾಣದ ಬಿಸಿಯ ಕಿರಣವನ್ನು, ಹತ್ತಿ ತಡೆಯುತ್ತದೆ, ಇದು ಹೊರಗೆ ಬಿಡುತ್ತದೆ. ಹತ್ತಿಗಿಂತ ಸುಮಾರು 2 ಡಿಗ್ರಿ ತಂಪು.

ಚಳಿಗೆ

ಬೆಚ್ಚಗಿಡುವುದು ಬಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿ. ಬೆಳಿಗ್ಗೆ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತುವವರು ಒಂದು ದಪ್ಪ ಸ್ವೆಟರ್ ಬದಲು ಮೂರು ಪದರ ಹಾಕಿ: ಮೈಗೆ ತಾಗಿ ಬೆವರು ಎಳೆಯುವ ತೆಳು ಬಟ್ಟೆ, ಮೇಲೆ ಉಣ್ಣೆ ಅಥವಾ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ), ಹೊರಗೆ ಗಾಳಿ ತಡೆಯುವ ಜಾಕೆಟ್. ಹತ್ತುವಾಗ ಮಧ್ಯದ್ದನ್ನು ಬಿಚ್ಚಿ ಚೀಲಕ್ಕೆ ಹಾಕಿ, ಮೇಲೆ ನಿಂತಾಗ ಹಾಕಿಕೊಳ್ಳಿ.

ಒಗೆಯುವಾಗ

ಪರಿಮಳದ ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಡಿ. ಅದರ ಜಿಡ್ಡು ಎಳೆಗಳ ಮೇಲೆ ಕೂತರೆ ಬಟ್ಟೆ ಬೆವರು ಎಳೆಯುವುದನ್ನೇ ಬಿಡುತ್ತದೆ. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ, ಸ್ವಲ್ಪವೇ ಸೋಪು ಹಾಕಿ ಒಗೆಯಿರಿ. ಇಸ್ತ್ರಿ ಬೇಡ. ಪಾಲಿಯೆಸ್ಟರ್ ಬೆವರಿನ ವಾಸನೆಯನ್ನು ಬೇಗ ಹಿಡಿದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ಆಫೀಸಿನಿಂದ ಬಂದ ಕೂಡಲೇ ನೀರಿನಲ್ಲಿ ಜಾಲಾಡಿಸಿ ಫ್ಯಾನಿನ ಕೆಳಗೆ ಹರವಿಬಿಡಿ, ಬೆಳಿಗ್ಗೆಯೊಳಗೆ ಒಣಗಿರುತ್ತದೆ.