ನಾಲಿಗೆ ನಿಧಾನವೋ, ಯೋಚನೆ ನಿಧಾನವೋ

ಮೇಷ್ಟ್ರು ಬಾಳೆಹಣ್ಣು ಸುಲಿದು ಅರ್ಧ ಹಣ್ಣನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡರು. ಐದು ನಿಮಿಷದ ಹಿಂದಷ್ಟೇ ‘ಚಿಕ್ಕ ತುತ್ತು, ಗದ್ದ ಕೆಳಗೆ, ನುಂಗಿದ ಮೇಲೆ ಇನ್ನೊಂದು’ ಅಂತ ಹೇಳಿಕೊಟ್ಟಿದ್ದೆ. ಕೇಳಿದರೆ ಮೂರನ್ನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಕೈ ಮಾತ್ರ ಕೇಳುತ್ತಿರಲಿಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಮೋಟಾರ್ ನ್ಯೂರಾನ್ ಕಾಯಿಲೆ ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ; ಮೇಷ್ಟ್ರಿಗೆ ಇದ್ದದ್ದೂ ಅದೇ. ಅದು ಇರುವವರು ನನ್ನ ಹತ್ತಿರ ಬರುವುದು ಮಾತು ತೊದಲುತ್ತೆ, ನೀರು ಕುಡಿದರೆ ಕೆಮ್ಮು ಬರುತ್ತೆ ಅಂತ. ಕೈಕಾಲು ಸೋತರೂ ಬುದ್ಧಿ ಚುರುಕಾಗೇ ಇರುತ್ತೆ ಅಂತಲೇ ನಾನೂ ನಂಬಿಕೊಂಡಿದ್ದೆ. ಇದೇ ಕಾಯಿಲೆಯಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಚಿತ್ರ ಎಲ್ಲರ ಕಣ್ಣ ಮುಂದಿದೆಯಲ್ಲ. ಆದರೆ ಈ ಕಾಯಿಲೆಯ ಮುಖ್ಯ ರೂಪವಾದ ಎಎಲ್‌ಎಸ್ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಯೋಚನೆಯಲ್ಲೋ ನಡವಳಿಕೆಯಲ್ಲೋ ಏನಾದರೂ ಬದಲಾಗಿರುತ್ತದೆ. ನೂರರಲ್ಲಿ 10–15 ಮಂದಿಗೆ ನಡವಳಿಕೆ, ಭಾಷೆಯನ್ನು ಕೆಡಿಸುವ ಮಿದುಳಿನ ಕಾಯಿಲೆ ಫ್ರಂಟೊಟೆಂಪೊರಲ್ ಡಿಮೆನ್ಷಿಯಾವೇ ಇರುತ್ತದೆ. ಎಎಲ್‌ಎಸ್ ಇರುವ ಬಹುತೇಕರ, ಈ ಡಿಮೆನ್ಷಿಯಾ ಇರುವ ಅನೇಕರ ನರಕೋಶಗಳಲ್ಲಿ ಟಿಡಿಪಿ-43 ಎಂಬ ಒಂದೇ ಪ್ರೋಟೀನ್ ಗಂಟುಕಟ್ಟುವುದು 2006ರಲ್ಲಿ ಗೊತ್ತಾಯಿತು.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಮೇಷ್ಟ್ರು ಸುಮ್ಮನೆ ಕೂತಿದ್ದರು, ಹೇಳಿದ ವ್ಯಾಯಾಮ ಮಾಡಿರಲಿಲ್ಲ. ಫೈಲಿನಲ್ಲಿ ‘ಖಿನ್ನತೆ ಇರಬಹುದು’ ಅಂತ ಬರೆದೆ. ಎದುರಿಗೆ ‘ಎಲ್ಲಾ ಚೆನ್ನಾಗಿದೆ’ ಅಂದಿದ್ದ ಅವರ ಹೆಂಡತಿ ಕಾರಿಡಾರಿನಲ್ಲಿ ನಿಲ್ಲಿಸಿದರು. “ಮೇಡಂ, ಬೇಜಾರಾದವರು ಅಳ್ತಾರೆ, ನಿದ್ದೆಗೆಡ್ತಾರೆ. ಇವರಿಗೆ ಏನೂ ಅನ್ನಿಸ್ತಾನೇ ಇಲ್ಲ. ನನಗೆ ಮೂರು ದಿನ ಜ್ವರ, ಹೇಗಿದ್ದೀಯ ಅಂತ ಒಂದ್ಸಲ ಕೇಳಲಿಲ್ಲ. ಡಬ್ಬದಲ್ಲಿ ಬೆಲ್ಲ ಉಳಿಯಲ್ಲ.” ಅಂದಿನಿಂದ ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳದೆ ನಾನು ಏನೂ ಬರೆಯುವುದಿಲ್ಲ. ರೋಗಿಯನ್ನೇ ಕೇಳಿದರೆ ಎಷ್ಟೋ ಸಲ ಏನೂ ಬದಲಾಗಿಲ್ಲ ಅಂತಾರೆ, ಸುಳ್ಳು ಹೇಳುತ್ತಿರುವುದಿಲ್ಲ.

ಮುಂದಿನ ಸಲ ಯೋಚನೆಯ ಚುರುಕು ನೋಡಲು ಪದ ಹೇಳಿಸಿದೆ: ಒಂದು ನಿಮಿಷದಲ್ಲಿ ‘ಪ’ದಿಂದ ಶುರುವಾಗುವ ಪದಗಳು. ಪಾ, ಪಿ, ಪು ಎಲ್ಲ ಕಾಗುಣಿತವೂ ನಡೆಯುತ್ತೆ ಅಂತ ಕನ್ನಡದಲ್ಲಿ ಮೊದಲೇ ಹೇಳಬೇಕು. ಇಲ್ಲದಿದ್ದರೆ ಬರೀ ‘ಪ’ ಹುಡುಕುತ್ತಾ ಕೂರುತ್ತಾರೆ. ಪಾಠ, ಪುಸ್ತಕ, ಪೆನ್ನು. ಬಹಳ ಹೊತ್ತು ಮೌನ. ಮತ್ತೆ ಪಾಠ. ಪರೀಕ್ಷೆ, ಪೇಪರು. ಒಟ್ಟು ಐದು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ.

ಆದರೆ ನಾಲಿಗೆಯೇ ತಡವರಿಸುವವರಿಗೆ ಪದ ಕಡಿಮೆ ಬಂದರೆ ತಪ್ಪು ಯಾರದು? ಎಡಿನ್‌ಬರೋದಲ್ಲಿ ಈ ಕಾಯಿಲೆಗೆಂದೇ ರೂಪಿಸಿದ ಇಕ್ಯಾಸ್ ಪರೀಕ್ಷೆ ಇದಕ್ಕೊಂದು ಉಪಾಯ ಮಾಡಿದೆ. ರೋಗಿ ಹೇಳಿದ ಪದಗಳನ್ನೇ ಬರೆದು ತೋರಿಸಿ ಅವರಿಂದ ಓದಿಸಿ, ಅದಕ್ಕೆ ಹಿಡಿದ ಹೊತ್ತನ್ನು ಕಳೆಯಬೇಕು. ಮೇಷ್ಟ್ರಿಗೆ ಓದಲು 11 ಸೆಕೆಂಡು ಹಿಡಿಯಿತು. ಅರವತ್ತರಲ್ಲಿ ಅದನ್ನು ಕಳೆದರೆ 49. ಐದು ಪದಕ್ಕೆ ಹಂಚಿದರೆ ಒಂದೊಂದಕ್ಕೆ ಹತ್ತಿರ ಹತ್ತು ಸೆಕೆಂಡಿನ ಹುಡುಕಾಟ. ಇದೊಂದರಿಂದ ತೀರ್ಮಾನಕ್ಕೆ ಬರುವಂತಿಲ್ಲ. ಬೆಲ್ಲ, ಜ್ವರ, ಬಾಳೆಹಣ್ಣು ಎಲ್ಲ ಸೇರಿಸಿ ನರರೋಗ ವೈದ್ಯರಿಗೆ ಬರೆದೆ. ಆಹಾರ ಕೊಡಲು ಹೊಟ್ಟೆಗೆ ಟ್ಯೂಬ್, ರಾತ್ರಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಎಲ್ಲಕ್ಕೂ ಮೇಷ್ಟ್ರು ‘ಆಗಲಿ’ ಅನ್ನುತ್ತಿದ್ದರು, ಮನೆಗೆ ಹೋದ ಮೇಲೆ ಯಾವುದನ್ನೂ ಮುಂದುವರಿಸುತ್ತಿರಲಿಲ್ಲ. ಅದನ್ನೂ ಬರೆದೆ.

ನುಂಗುವ ಪಾಠ ಮೇಷ್ಟ್ರಿಗೆ ಹೇಳುವುದು ಬಿಟ್ಟು ಅಡುಗೆಮನೆಗೆ ಹೇಳಿದೆ. ಊಟದ ಹೊತ್ತಿಗೆ ಟಿವಿ ಬಂದ್. ತಟ್ಟೆಗೆ ಒಂದು ಸಲಕ್ಕೆ ಎರಡೇ ತುತ್ತು. ಹಣ್ಣು ಕಿವುಚಿ ಬಟ್ಟಲಲ್ಲಿ, ಜೊತೆಗೆ ಮಗುವಿನ ಚಮಚ. ಊಟದ ಮಧ್ಯದ ಕೆಮ್ಮು ಕಡಿಮೆಯಾಯಿತು ಅಂತ ತಿಂಗಳ ನಂತರ ಅವರ ಹೆಂಡತಿ ಹೇಳಿದರು. ಚಮಚ ಚಿಕ್ಕದಾದದ್ದನ್ನು ಮೇಷ್ಟ್ರು ಗಮನಿಸಿರಲೇ ಇಲ್ಲ.